ಅಡುಗೆಮನೆಯ ಬಿಸಿಲು ಎಲ್ಲಿಗೆ ಹೋಯಿತು?

ಓದುಗರ ಪ್ರಶ್ನೆ: ನನಗೆ 38 ವರ್ಷ. ತುಮಕೂರಿನಲ್ಲಿ ಬಾಡಿಗೆ ಮನೆ. ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರೂವರೆಗೆ ಬಸ್ಸಿಳಿಯುತ್ತೇನೆ. ಸುತ್ತಮುತ್ತ ಇರುವುದರಲ್ಲೇ ಚೆಂದ ಹುಡುಕಬೇಕು ಅಂತ ಈ ಜನವರಿ 1ರಿಂದ ದಿನಕ್ಕೊಂದು ಫೋಟೊ ತೆಗೆಯಲು ಶುರು ಮಾಡಿದೆ. ಎರಡು ತಿಂಗಳು ತುಂಬಾ ಖುಷಿ ಇತ್ತು. ಅಡುಗೆಮನೆಯ ದಕ್ಷಿಣದ ಕಿಟಕಿಯ ಆಚೆ ಖಾಲಿ ಸೈಟು. ಬೆಳಿಗ್ಗೆ ಗ್ಯಾಸ್ ಕಟ್ಟೆ ಮೇಲೆ ಬಿಸಿಲು ಬೀಳುತ್ತಿತ್ತು. ಲೋಟ, ತರಕಾರಿ, ಕಾಫಿ ಫಿಲ್ಟರ್ ಎಲ್ಲ ತೆಗೆದೆ. ಮಾರ್ಚ್ ಮೂರನೇ ವಾರದ ಹೊತ್ತಿಗೆ ಏನು ತೆಗೆದರೂ ಸಪ್ಪೆ. ಬಿಟ್ಟುಬಿಟ್ಟೆ. ಬೀದಿಯಲ್ಲಿ ಇರುವುದು ಮೋರಿ, ಕೇಬಲ್ ವೈರು, ನಿಲ್ಲಿಸಿದ ಬೈಕು. ಪಶ್ಚಿಮಕ್ಕಿರುವ ಹಾಲ್ ಕಿಟಕಿ ತೆರೆದರೆ ನಾಲ್ಕಡಿ ದೂರದಲ್ಲಿ ಪಕ್ಕದ ಮನೆಯ ತಿಳಿ ಹಳದಿ ಗೋಡೆ. ದೇವರಾಯನದುರ್ಗಕ್ಕೆ ಹೋದಾಗ ಮಾತ್ರ ಒಳ್ಳೆ ಫೋಟೊ ಬಂದವು. ನನಗೆ ಆ ಕಣ್ಣು ಇಲ್ವಾ? 15 ಸಾವಿರದ ಫೋನು ಸಾಲದೇ? ಕಂತಿನಲ್ಲಿ 45 ಸಾವಿರದ ಕ್ಯಾಮೆರಾ ಕೊಡಿಸುತ್ತೇನೆ ಅಂತ ಯಜಮಾನರು ಹೇಳುತ್ತಿದ್ದಾರೆ. ಅತ್ತೆಯವರು "ಎಲ್ಲದಕ್ಕೂ ಫೋನ್ ಹಿಡಿದರೆ ಕಣ್ಣಾರೆ ನೋಡೋದು ಯಾವಾಗ?" ಅಂತಾರೆ. ನಮ್ಮ ಕ್ರಾಸಿನಲ್ಲಿ ಜಗಲಿ ಮೇಲೆ ಕೂರುವ ಹಿರಿಯರೊಬ್ಬರು "ಯಾಕಮ್ಮ, ನಮ್ಮನೆ ಫೋಟೊ ಹಿಡೀತೀಯಾ?" ಅಂತ ಗದರಿದರು. ಇನ್‌ಸ್ಟಾಗ್ರಾಮ್‌ಗೆ ಹಾಕಿದರೆ ಎಂಟೋ ಹತ್ತೋ ಲೈಕು. ಇದನ್ನು ಮುಂದುವರಿಸುವುದರಲ್ಲಿ ಅರ್ಥ ಇದೆಯಾ?

ತಜ್ಞರ ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋಗಿದ್ದು ಒಂದೇ ಮಾತಿನ ಮೇಲೆ. ಮಾರ್ಚ್ ಮೂರನೇ ವಾರ. ನೀವು ಕಳಿಸಿದ ಫೋಟೊಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ. ಜನವರಿಯ ಫೋಟೊಗಳಲ್ಲಿ ಲೋಟದ ಒಂದು ಬದಿ ಹೊಳೆಯುತ್ತಿದೆ, ಇನ್ನೊಂದು ಬದಿ ಕಪ್ಪಾಗಿದೆ, ಕಟ್ಟೆಯ ಕಲ್ಲಿನ ಮೇಲೆ ಉದ್ದ ನೆರಳು ಬಿದ್ದಿದೆ. ಫೆಬ್ರವರಿ ಕೊನೆಗೆ ನೆರಳು ಕಿಟಕಿಯ ಗೋಡೆಯ ಹತ್ತಿರಕ್ಕೆ ಸರಿದಿದೆ. ಮಾರ್ಚ್‌ನಲ್ಲಿ ನೆರಳೇ ಇಲ್ಲ. ಅದೇ ಲೋಟ, ಅದೇ ಕಟ್ಟೆ, ಅದೇ ಕಣ್ಣು. ಬಿಸಿಲು ಮಾತ್ರ ಇಲ್ಲ.

ಇದರ ಕಾರಣ ಆಕಾಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ನಮ್ಮಲ್ಲಿ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಅಂದರೆ ಆಗ್ನೇಯದ ಕಡೆ ಹುಟ್ಟುತ್ತಾನೆ. ಜೂನ್ ಕೊನೆಯಲ್ಲಿ ಅಷ್ಟೇ ಉತ್ತರಕ್ಕೆ, ಈಶಾನ್ಯದ ಕಡೆ. ವರ್ಷದಲ್ಲಿ ಹೆಚ್ಚುಕಡಿಮೆ 48 ಡಿಗ್ರಿ ಆಚೀಚೆ ಓಡಾಡುತ್ತಾನೆ. ನಡುವೆ ಮಾರ್ಚ್ 20, 21ರ ಹೊತ್ತಿಗೆ ಸರಿಯಾಗಿ ಪೂರ್ವದಲ್ಲಿ ಹುಟ್ಟುತ್ತಾನೆ. ಆಗ ದಕ್ಷಿಣದ ಕಿಟಕಿಗೆ ಬೆಳಗಿನ ಬಿಸಿಲು ಗೋಡೆಯ ಉದ್ದಕ್ಕೂ ಸವರಿಕೊಂಡು ಹೋಗುತ್ತದೆ, ಒಳಗೆ ಬರುವುದಿಲ್ಲ. ಉತ್ತರಾಯಣ ಅಂತ ಪಂಚಾಂಗದಲ್ಲಿ ಓದುತ್ತೇವಲ್ಲ, ಅದು ನಿಮ್ಮ ಗ್ಯಾಸ್ ಕಟ್ಟೆ ಮೇಲೆ ಕಣ್ಣಿಗೆ ಕಾಣುವಂತೆ ನಡೆದಿದೆ. ಎರಡು ತಿಂಗಳು ನೀವು ಬಿಸಿಲನ್ನು ಫೋಟೊ ತೆಗೆದಿದ್ದೀರಿ. ಲೋಟವನ್ನು ತೆಗೆಯುತ್ತಿದ್ದೇನೆ ಅಂದುಕೊಂಡಿದ್ದೀರಿ. ಬಿಸಿಲು ಹೋದ ಮೇಲೆ ಬರೀ ಲೋಟ ಉಳಿಯಿತು.

ಹಾಗಾಗಿ "ನನಗೆ ಆ ಕಣ್ಣು ಇಲ್ವಾ" ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಇದೆ. ಯಾರೂ ಹೇಳಿಕೊಡದೆ ಮನೆಯ ಅತ್ಯುತ್ತಮ ಬೆಳಕನ್ನು ನೀವೇ ಹುಡುಕಿಕೊಂಡಿದ್ದೀರಿ. ಅದು ಬೆಳಕು ಅಂತ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿಲ್ಲದ್ದು ಕೈ ತಪ್ಪಿದಾಗ ಮನುಷ್ಯ ತನ್ನನ್ನೇ ದೂರಿಕೊಳ್ಳುತ್ತಾನೆ. ನನ್ನ ತರಗತಿಗೆ ಬರುವವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲ ತಿಂಗಳ ಖುಷಿ, ಮೂರನೇ ತಿಂಗಳ ಬೇಸರ, ಆಮೇಲೆ ಹೊಸ ಕ್ಯಾಮೆರಾದ ಯೋಚನೆ.

ಇನ್ನೊಂದು ಸಮಾಚಾರ ನಿಮಗೆ ಖುಷಿ ಕೊಡಬಹುದು. ಬೆಳಿಗ್ಗೆ ಒಂದು ಬೆಳಕು ಹೋದ ಹೊತ್ತಿಗೇ ಸಂಜೆ ಇನ್ನೊಂದು ಬಂದಿದೆ. ಜನವರಿಯಲ್ಲಿ ತುಮಕೂರಿನಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಸುಮಾರಿಗೆ. ನೀವು ಬಸ್ಸಿಳಿಯುವಾಗ ಹೆಚ್ಚುಕಡಿಮೆ ಕತ್ತಲು. ಏಪ್ರಿಲ್‌ನಲ್ಲಿ ಸೂರ್ಯ ಮುಳುಗುವುದೇ ಆರೂವರೆ ದಾಟಿದ ಮೇಲೆ. ಅಂದರೆ ಈಗ ಬಸ್ ಸ್ಟಾಪಿನಿಂದ ಮನೆವರೆಗಿನ ನಿಮ್ಮ ನಡಿಗೆ ದಿನದ ಅತಿ ಒಳ್ಳೆಯ ಹೊತ್ತಿನಲ್ಲಿ ಬೀಳುತ್ತದೆ. ಜೂನ್‌ನಲ್ಲಿ ಆ ಹೊತ್ತಿಗೆ ಇಳಿಬಿಸಿಲೇ ಇರುತ್ತದೆ, ಮೋಡ ಬಿಟ್ಟುಕೊಟ್ಟರೆ.

ಸಂಜೆಯ ಈ ಹೊತ್ತಿನ ಬಗ್ಗೆ ಸ್ವಲ್ಪ ಹೇಳಬೇಕು. ಸೂರ್ಯ ಮುಳುಗಿ ಸುಮಾರು ಹತ್ತು ನಿಮಿಷಕ್ಕೆ ಆಕಾಶದ ನೀಲಿಯೂ ಅಂಗಡಿ ದೀಪದ ಹಳದಿಯೂ ಸಮಸಮ ಆಗುತ್ತವೆ. ಅದಕ್ಕೆ ಮುಂಚೆ ದೀಪ ಮಂಕು. ಅದು ಕಳೆದ ಮೇಲೆ ಆಕಾಶ ಬರೀ ಕಪ್ಪು. ನಮ್ಮಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಇದು ಬೇಗ ಮುಗಿಯುತ್ತದೆ. ಹತ್ತು ಹದಿನೈದು ನಿಮಿಷ, ಅಷ್ಟೇ. ನಿಮ್ಮ ಕ್ರಾಸಿನ ಕೇಬಲ್ ವೈರುಗಳನ್ನೂ ಆಗ ನೋಡಿ. ನಡುಮಧ್ಯಾಹ್ನ ಬಿಳಿಚಿದ ಆಕಾಶಕ್ಕೆ ಅವು ಗಲೀಜು ಅನ್ನಿಸುತ್ತವೆ. ಗಾಢ ನೀಲಿಗೆ ಕಪ್ಪು ಗೆರೆಗಳಾಗಿ ನಿಲ್ಲುತ್ತವೆ. ಅದು ಚೆಂದವೋ ಅಲ್ಲವೋ ನೀವೇ ಹೇಳಿ. ನನಗಂತೂ ಇಷ್ಟ.

ಇಂಟರ್‌ನೆಟ್ಟಿನಲ್ಲಿ ಎಲ್ಲರೂ "ಗೋಲ್ಡನ್ ಅವರ್‌ನಲ್ಲಿ ತೆಗೀರಿ" ಅಂತಾರೆ. ಸೂರ್ಯ ಹುಟ್ಟಿದ ಮೇಲೆ ಒಂದು ಗಂಟೆ, ಮುಳುಗುವ ಮುಂಚೆ ಒಂದು ಗಂಟೆ. ಆ ಲೆಕ್ಕ ನಮಗಿಂತ ಬಹಳ ಉತ್ತರದ ದೇಶಗಳಿಗೆ ಸರಿ. ಬಿಸಿಲು ಹೊನ್ನಿನ ಬಣ್ಣದಲ್ಲಿ ಇರುವುದು ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಏರುವವರೆಗೆ. ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಅದಕ್ಕೆ ಸುಮಾರು 40 ನಿಮಿಷ ಬೇಕು. ತುಮಕೂರಿನಲ್ಲಿ 25 ನಿಮಿಷಕ್ಕೆ ಮುಗಿದುಹೋಗುತ್ತದೆ. ಬೆಳಿಗ್ಗೆ ಆ 25 ನಿಮಿಷ ನೀವು ಡಬ್ಬಿ ಕಟ್ಟುತ್ತಿರುತ್ತೀರಿ. ಒಲೆ ಆರಿಸಿ ಟೆರೇಸಿಗೆ ಓಡಿ ಅಂತ ನಾನು ಹೇಳುವುದಿಲ್ಲ. ಅಂಥ ಸಲಹೆ ಪಾಲಿಸಲು ಹೋಗಿ ಮನೆಯಲ್ಲಿ ಕಿರಿಕಿರಿಯಾಗಿ ಹವ್ಯಾಸವೇ ಬೇಡ ಅನ್ನಿಸಿಕೊಂಡವರು ಇದ್ದಾರೆ.

ಈಗ ನೀವು ದೂರಿದ ಆ ಹಳದಿ ಗೋಡೆಗೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಮನೆಯ ಅತಿ ದೊಡ್ಡ ಆಸ್ತಿ ಅದು. ಎರಡೂ ಒಂದಂತಸ್ತಿನ ಮನೆ ಆಗಿದ್ದರೆ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ತನಕ ಬಿಸಿಲು ನಿಮ್ಮ ಸೂರಿನ ಮೇಲಿಂದ ಹಾಯ್ದು ಆ ಗೋಡೆಗೆ ಬಡಿಯುತ್ತದೆ. ಬಡಿದ ಬೆಳಕು ತಿರುಗಿ ನಿಮ್ಮ ಹಾಲ್ ಕಿಟಕಿಯಿಂದ ಒಳಗೆ ಬರುತ್ತದೆ. ನೇರ ಬಿಸಿಲಿನ ಗಡಸು ಇಲ್ಲ, ತೆಳು ಹಳದಿ ಛಾಯೆ, ಒಂದೇ ಬದಿಯಿಂದ. ನಾವು ಸ್ಟುಡಿಯೊದಲ್ಲಿ ಇಂಥ ಬೆಳಕಿಗಾಗಿ ದೊಡ್ಡ ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ ಪಡಿಪಾಟಲು ಪಡುತ್ತೇವೆ. ಭಾನುವಾರ ಆ ಹೊತ್ತಿನಲ್ಲಿ ಹಾಲ್ ಲೈಟು ಆರಿಸಿ. ಇದು ಮುಖ್ಯ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಎರಡು ಬಣ್ಣದ ಬೆಳಕು ಕಲೆತು ಎಲ್ಲ ಕೆಡುತ್ತದೆ. ಕಿಟಕಿಯಿಂದ ಎರಡಡಿ ದೂರದಲ್ಲಿ ಒಂದು ಸ್ಟೂಲ್ ಇಟ್ಟು ಅದರ ಮೇಲೆ ಒಂದು ದಪ್ಪ ಮೆಣಸಿನಕಾಯಿ ಇಡಿ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ, ಬೆನ್ನ ಹಿಂದೆ ಬೇಡ. ಮೆಣಸಿನಕಾಯಿಯ ಉಬ್ಬಿನ ಮೇಲೆ ಬೆಳಕು ಹೇಗೆ ತೆಳುವಾಗುತ್ತಾ ಹೋಗಿ ತಗ್ಗಿನಲ್ಲಿ ಕಪ್ಪಾಗುತ್ತದೆ ಅಂತ ನೋಡುತ್ತಾ ಅದನ್ನು ನಿಧಾನಕ್ಕೆ ತಿರುಗಿಸಿ.

ಮೆಣಸಿನಕಾಯಿ ಅಂದಿದ್ದಕ್ಕೆ ಕಾರಣ ಇದೆ. 1930ರಲ್ಲಿ ಅಮೆರಿಕದ ಎಡ್ವರ್ಡ್ ವೆಸ್ಟನ್ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಕೂರಿಸಿ ಫೋಟೊ ತೆಗೆದರು. ಆಲಿಕೆಯ ಒಳಗೋಡೆ ಬೆಳಕನ್ನು ಸುತ್ತಲಿಂದ ತಿರುಗಿಸಿ ಕಾಯಿಯ ಮೇಲೆ ಹಾಯಿಸಿತು. ಫೋಟೊ ಕಲೆಯ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಅವರಿಗೆ ಆಲಿಕೆ ಮಾಡಿದ ಕೆಲಸವನ್ನು ನಿಮಗೆ ಪಕ್ಕದ ಮನೆಯ ಗೋಡೆ ಮಾಡುತ್ತದೆ.

ಕಿಟಕಿಯ ಮಾತು ಬಂದಾಗ ಜೋಸೆಫ್ ಸುಡೆಕ್ ಅವರನ್ನು ನೆನೆಯದೆ ಇರಲಾರೆ. ಪ್ರಾಗ್ ನಗರದ ಫೋಟೊಗ್ರಾಫರ್. ಮೊದಲನೇ ಮಹಾಯುದ್ಧದ ಗಾಯದಿಂದ ಬಲಗೈ ಕಳೆದುಕೊಂಡಿದ್ದರು. ಎರಡನೇ ಮಹಾಯುದ್ಧದಲ್ಲಿ ಊರು ನಾಜಿಗಳ ಕೈಯಲ್ಲಿದ್ದಾಗ ಕ್ಯಾಮೆರಾ ಹಿಡಿದು ಬೀದಿಯಲ್ಲಿ ಓಡಾಡುವುದೇ ಕಷ್ಟ. ಅವರು 1940ರಿಂದ 1954ರವರೆಗೆ ತಮ್ಮ ಸ್ಟುಡಿಯೊದ ಒಂದೇ ಕಿಟಕಿಯನ್ನು ಮತ್ತೆ ಮತ್ತೆ ತೆಗೆದರು. ಗಾಜಿನ ಮೇಲೆ ಕೂತ ಹನಿ, ಚಳಿಗಾಲದ ಮಂಜು, ಅಂಗಳದ ಸೊಟ್ಟ ಮರ. ಕಿಟಕಿ ಅದೇ, ಮರ ಅದೇ. ಗಾಜು ಮಾತ್ರ ದಿನಕ್ಕೊಂದು ಥರ. ಅಷ್ಟೇಕೆ, ಇವತ್ತಿಗೆ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಫೋಟೊ, ಫ್ರಾನ್ಸಿನ ನಿಯೆಪ್ಸ್ ಅವರು 1826–27ರ ಸುಮಾರಿಗೆ ತೆಗೆದದ್ದು, ಅವರ ಮನೆಯ ಮಹಡಿಯ ಕಿಟಕಿಯಿಂದ ಕಂಡ ಹೆಂಚಿನ ಮಾಡು ಮತ್ತು ಗೋಡೆಗಳದ್ದು.

ದೇವರಾಯನದುರ್ಗದಲ್ಲಿ ಮಾತ್ರ ಫೋಟೊ ಚೆನ್ನಾಗಿ ಬಂದವು ಅಂದಿರಲ್ಲ. ಬೆಟ್ಟ ಚೆಂದ ಇದೆ, ಅನುಮಾನವಿಲ್ಲ. ಆದರೆ ಅದರಲ್ಲಿ ನಮ್ಮ ತಲೆಯ ಕೈವಾಡವೂ ಇದೆ. ಬದಲಾಗದೆ ಇರುವುದನ್ನು ಮಿದುಳು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಹೊಸ ಮೂಗುತಿ ಎರಡು ದಿನ ಚುಚ್ಚುತ್ತದೆ, ಆಮೇಲೆ ಮೂಗಿನ ಮೇಲೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಕಣ್ಣಿನದ್ದೂ ಇದೇ ಕಥೆ. 1804ರಲ್ಲಿ ಟ್ರೋಕ್ಸ್‌ಲರ್ ಅನ್ನುವ ಸ್ವಿಸ್ ವೈದ್ಯರು ಒಂದು ವಿಷಯ ಗಮನಿಸಿ ಬರೆದಿಟ್ಟರು. ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು ಕಣ್ಣು ಮಿಟುಕಿಸದೆ, ಅಲ್ಲಾಡಿಸದೆ ಅದನ್ನೇ ನೋಡಿದರೆ, ಪಕ್ಕದಲ್ಲಿರುವ ಮಸುಕಾದ ಗುರುತುಗಳು ಕೆಲವು ಸೆಕೆಂಡಿನಲ್ಲಿ ಮಾಯವಾಗುತ್ತವೆ. ಗೋಡೆಯಲ್ಲಿ ಇವೆ, ನೋಟದಲ್ಲಿ ಇಲ್ಲ. ಮನೆಯಲ್ಲೇ ಮಾಡಿ ನೋಡಬಹುದು. ತಿಂಗಳುಗಟ್ಟಲೆ ನೋಡಿದ ಬೀದಿ ಕಣ್ಣಿಗೆ ಬೀಳದೆ ಇರುವುದು ಇದೇ ಪ್ರಯೋಗ ಅಲ್ಲ, ಅಲ್ಲಿ ಗಮನದ ಪಾತ್ರ ಜಾಸ್ತಿ. ಆದರೆ ದಾರಿ ಒಂದೇ. ಬದಲಾಗದ್ದನ್ನು ಬಿಡು, ಬದಲಾದದ್ದನ್ನು ಹಿಡಿ. ಬೆಟ್ಟದಲ್ಲಿ ಎಲ್ಲವೂ ಹೊಸದು, ಕಣ್ಣು ತಾನಾಗಿ ಎಚ್ಚರವಾಗಿರುತ್ತದೆ. ಅಲ್ಲೇ ನಾಮದ ಚಿಲುಮೆ ಹತ್ತಿರ ಮನೆ ಮಾಡಿಕೊಂಡವರನ್ನು ಕೇಳಿ, ಅವರೂ "ಇಲ್ಲೇನಿದೆ ನೋಡೋದು" ಅಂತಲೇ ಹೇಳಬಹುದು.

ಹಾಗಾಗಿ ಹೊಸ ವಸ್ತು ಹುಡುಕುವುದನ್ನು ಬಿಡಿ. ನಿಮ್ಮ ಕ್ರಾಸಿನಲ್ಲಿ ವಸ್ತುಗಳು ನಲವತ್ತೋ ಐವತ್ತೋ ಇರಬಹುದು, ಎರಡು ತಿಂಗಳಿಗೆ ಖಾಲಿ ಆಗುತ್ತವೆ, ಆದವು ಕೂಡ. ಒಂದೇ ಜಾಗ ಇಟ್ಟುಕೊಂಡು ಅಲ್ಲಿ ಏನು ಬದಲಾಯಿತು ಅಂತ ನೋಡಿ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು ಉತ್ತರದ ಕಡೆ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಇನ್ನು ಸೆಪ್ಟೆಂಬರ್ ತನಕ ಬೆಳಗಿನ ಓರೆ ಬಿಸಿಲು ಬರುವುದು ಆ ಕಡೆಯಿಂದ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯನೂ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಒದ್ದೆ ಕಲ್ಲು ಒಣಗುವುದನ್ನು ಹತ್ತಿರ ಕೂತು ನೋಡಿದ್ದೀರಾ? ಮೊದಲು ಅಂಚು ಬಿಳಿಯಾಗುತ್ತದೆ. ನಡುವೆ ಒದ್ದೆ ಕಪ್ಪು ಉಳಿದು, ಗಳಿಗೆಗೊಂದು ಆಕಾರ ತಳೆಯುತ್ತಾ ಕುಗ್ಗುತ್ತದೆ. ಸಣ್ಣ ತಗ್ಗುಗಳಲ್ಲಿ ಸೋಪಿನ ನೊರೆ ನಿಂತು, ಒಂದೊಂದು ಗುಳ್ಳೆಯಲ್ಲೂ ಹಿಂದಿನ ಗೋಡೆ ಬಗ್ಗಿಕೊಂಡು ಕಾಣುತ್ತದೆ. ಇದೆಲ್ಲ ಐದು ನಿಮಿಷದ ಕೆಲಸ. ಅಶ್ವಿನಿ, ಭರಣಿ ಮಳೆ ಹೊಡೆದ ಮರುದಿನ ಅದೇ ಕಲ್ಲು ಬೇರೆ. ಆಷಾಢದ ಮೋಡದಲ್ಲಿ ಇನ್ನೂ ಬೇರೆ. ಅಡುಗೆಮನೆಯ ಬಿಸಿಲು ದಸರಾ ಕಳೆದ ಮೇಲೆ ಮೆಲ್ಲಗೆ ತಿರುಗಿ ಬರುತ್ತದೆ. ದೀಪಾವಳಿ ಹೊತ್ತಿಗೆ ಕಟ್ಟೆ ಮೇಲೆ ಇರುತ್ತದೆ.

ಎಲ್ಲದರಲ್ಲೂ ಚೆಂದ ಕಾಣಲೇಬೇಕು ಅಂತ ಏನೂ ಇಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮೋರಿ ನಾರುತ್ತಿದ್ದರೆ ಅದು ನಗರಪಾಲಿಕೆಗೆ ದೂರು ಕೊಡಬೇಕಾದ ವಿಷಯ. ಬಣ್ಣ ಏರಿಸಿ ಕಲೆ ಮಾಡಬೇಕಾಗಿಲ್ಲ.

ಅತ್ತೆಯವರ ಮಾತಿಗೆ ಬರೋಣ. ಅದನ್ನು ಹಳೇ ಕಾಲದ ಗೊಣಗಾಟ ಅಂತ ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ಸತ್ಯ ಇದೆ, ಪರೀಕ್ಷೆ ಮಾಡಿ ಕಂಡುಕೊಂಡ ಸತ್ಯ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಅವರು ವಿದ್ಯಾರ್ಥಿಗಳನ್ನು ಕಲಾ ಮ್ಯೂಸಿಯಂಗೆ ಕರೆದೊಯ್ದು, ಕೆಲವನ್ನು ಬರೀ ನೋಡಿ, ಕೆಲವನ್ನು ಫೋಟೊ ತೆಗೆಯಿರಿ ಅಂದರು. ಮರುದಿನ ಕೇಳಿದಾಗ, ಫೋಟೊ ತೆಗೆದ ವಸ್ತುಗಳ ನೆನಪೇ ಕಡಿಮೆ ಇತ್ತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಇದರ ಇನ್ನರ್ಧವನ್ನು ಜನ ಹೇಳುವುದಿಲ್ಲ. ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಲ್ಲಿ ನೆನಪು ಕುಗ್ಗಲಿಲ್ಲ. ಅಂದರೆ ಕ್ಲಿಕ್ ಮಾಡಿ ಮುಂದೆ ಹೋದರೆ ನಷ್ಟ, ಯಾವ ಭಾಗ ಬೇಕು ಅಂತ ಯೋಚಿಸಿದರೆ ನಷ್ಟವಿಲ್ಲ. 2016ರಲ್ಲಿ ಅಮೆರಿಕದ ಸಂಶೋಧಕಿ ಕ್ರಿಸ್ಟಿನ್ ಡೀಲ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗಗಳಲ್ಲಿ, ಬಸ್ಸಿನಲ್ಲಿ ಊರು ಸುತ್ತುತ್ತಾ ಫೋಟೊ ತೆಗೆದವರು ತೆಗೆಯದವರಿಗಿಂತ ಜಾಸ್ತಿ ಖುಷಿಪಟ್ಟರು. ಅನುಭವವೇ ಅಹಿತವಾಗಿದ್ದರೆ ಮಾತ್ರ ಫೋಟೊ ತೆಗೆಯುವುದು ಅದನ್ನು ಇನ್ನಷ್ಟು ಅಹಿತ ಮಾಡಿತು. ಮೋರಿ ಬಿಡಿ ಅಂದದ್ದು ಇದಕ್ಕೇ.

ನನ್ನ ಅನುಭವದಲ್ಲಿ ಇದಕ್ಕೆ ಒಂದು ಸುಲಭದ ಪರಿಹಾರ ಇದೆ. ಮೊದಲು ಫೋನ್ ಬ್ಯಾಗಿನಲ್ಲೇ ಇರಲಿ. ಒಂದು ನಿಮಿಷ ಸುಮ್ನೆ ನಿಂತು ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ, ನೆರಳು ಯಾವ ಕಡೆ, ನಿಮಗೆ ಬೇಕಾಗಿರುವುದು ಇದರಲ್ಲಿ ಯಾವುದು. ಆಮೇಲೆ ಫೋನ್ ತೆಗೆಯಿರಿ. ಎರಡು ಮೂರು ಫೋಟೊ ಸಾಕು. ಅತ್ತೆಯವರನ್ನೂ ಆ ಭಾನುವಾರದ ಕಿಟಕಿ ಪಕ್ಕ ಕೂರಿಸಿ ಒಂದು ಫೋಟೊ ತೆಗೆಯಿರಿ. ಅವರ ಕೈ ಹೂವು ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ ಇರಲಿ, ಕ್ಯಾಮೆರಾ ನೋಡಿ ಅಂತ ಹೇಳಬೇಡಿ.

ಲೈಕುಗಳ ಬಗ್ಗೆ: ಡೀಲ್ ಅವರ ಅದೇ ತಂಡ 2018ರಲ್ಲಿ ಇನ್ನೊಂದು ವಿಷಯ ತೋರಿಸಿತು. ಸೋಷಿಯಲ್ ಮೀಡಿಯಾದಲ್ಲಿ ಹಾಕಲೆಂದೇ ಫೋಟೊ ತೆಗೆಯುವವರಿಗೆ, ತಮಗಾಗಿ ತೆಗೆಯುವವರಿಗಿಂತ ಕಡಿಮೆ ಖುಷಿ ಸಿಗುತ್ತದೆ. ನಾನು ಹೇಗೆ ಕಾಣ್ತೀನಿ ಅನ್ನುವ ಚಿಂತೆ ನಡುವೆ ನುಗ್ಗುತ್ತದೆ. ಹಾಗಂತ ಯಾರಿಗೂ ತೋರಿಸಬೇಡಿ ಅನ್ನುವುದೂ ಸರಿಯಲ್ಲ. ದಿನಕ್ಕೊಂದು ಫೋಟೊ ತೆಗೆಯುವವರನ್ನೇ ಎರಡು ತಿಂಗಳು ಗಮನಿಸಿದ ಒಂದು ಅಧ್ಯಯನ ಇಂಗ್ಲೆಂಡಿನಲ್ಲಿ ನಡೆದಿದೆ. ಲಿಜ್ ಬ್ರೂಸ್ಟರ್ ಮತ್ತು ಆಂಡ್ರ್ಯೂ ಕಾಕ್ಸ್ ಅವರದ್ದು. ಅದರಲ್ಲಿ ಭಾಗವಹಿಸಿದವರಿಗೆ ಆಸರೆಯಾದ ಸಂಗತಿಗಳಲ್ಲಿ ಬೇರೆಯವರ ಜೊತೆ ನಡೆದ ಮಾತುಕತೆಯೂ ಒಂದು. ಕೆಲವೇ ಜನರ ಮೇಲೆ ಮಾಡಿದ ಅಧ್ಯಯನ ಅದು, ಎಲ್ಲರಿಗೂ ಹೀಗೇ ಅಂತ ಹೇಳಲಾಗದು. ಆದರೂ ನಾನು ಕಂಡದ್ದಕ್ಕೆ ಹೊಂದುತ್ತದೆ. ನನ್ನ ಸಲಹೆ: ತೆಗೆದ ದಿನವೇ ಹಾಕಬೇಡಿ. ಭಾನುವಾರ ಕೂತು ವಾರದ ಏಳನ್ನೂ ನೋಡಿ, ಒಂದನ್ನು ಆರಿಸಿ. ಅದನ್ನು ಇಬ್ಬರು ಮೂವರಿಗೆ, ಯಾಕೆ ಇಷ್ಟವಾಯಿತು ಅಂತ ಒಂದು ಸಾಲು ಬರೆದು ಕಳಿಸಿ. ಆರಿಸುವುದರಲ್ಲಿ ಕಲಿಯುವಷ್ಟು ತೆಗೆಯುವುದರಲ್ಲೂ ಕಲಿಯುವುದಿಲ್ಲ.

ಫೋನಿನ ವಿಷಯಕ್ಕೆ ನಿಮ್ಮದೇ ಒಂದು ಫೋಟೊ ಎತ್ತಿಕೊಳ್ಳುತ್ತೇನೆ. ಸರ್ಕಲ್ ಹತ್ತಿರ ಹೂವು ಮಾರುವವರ ಬುಟ್ಟಿ, ಕನಕಾಂಬರದ ಮಾಲೆ. ಹೂವು ಬರೀ ಕಿತ್ತಳೆ ಬಣ್ಣದ ಮುದ್ದೆಯಾಗಿದೆ. ಎಸಳು, ಮಡಿಕೆ ಏನೂ ಇಲ್ಲ. ಫೋನು ಕಳಪೆ ಅಂತ ನಿಮಗೆ ಅನ್ನಿಸಿದ್ದು ಇಲ್ಲೇ ಇರಬೇಕು. ಆಗಿದ್ದು ಇಷ್ಟು. ಕ್ಯಾಮೆರಾ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ ಮಾಡಿ ಬೆಳಕು ಅಳೆಯುತ್ತದೆ. ಕನಕಾಂಬರದಲ್ಲಿ ಕೆಂಪಿನ ಪಾಲು ಎಷ್ಟು ಜಾಸ್ತಿ ಅಂದರೆ ಉಳಿದೆರಡು ಸರಿಯಾಗಿರುವಾಗಲೇ ಅದು ತುಂಬಿ ತುಳುಕಿಬಿಡುತ್ತದೆ. ತುಂಬಿದ ಮೇಲೆ ಎಸಳಿಗೂ ಎಸಳಿಗೂ ವ್ಯತ್ಯಾಸ ಉಳಿಯುವುದಿಲ್ಲ. 45 ಸಾವಿರದ ಕ್ಯಾಮೆರಾದಲ್ಲೂ ಇದೇ ಆಗುತ್ತದೆ. ಹೂವಿನ ಮೇಲೆ ಬೆರಳು ಮುಟ್ಟಿ, ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಸ್ಕ್ರೀನಿನಲ್ಲಿ ಎಸಳಿನ ಗೆರೆ ಕಾಣುವ ತನಕ ಎಳೆಯಿರಿ, ಹಿನ್ನೆಲೆ ಕಪ್ಪಾದರೂ ಪರವಾಗಿಲ್ಲ. ಬಿಸಿಲಿಗಿಂತ ನೆರಳಲ್ಲಿ ಇನ್ನೂ ಚೆನ್ನ. ಹೂವಿನವರು ತಲೆ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದಾರೆ. ಅದರಡಿ ಮಲ್ಲಿಗೆ ನೀಲಿಯಾಗಿ ಬರುತ್ತದೆ, ಅವರ ಮುಖವೂ ನೀಲಿ. ಸಂಜೆ ಬಲ್ಬು ಹಾಕಿದ ಮೇಲೆ ತೆಗೆದರೆ ಆ ತೊಂದರೆ ಹೆಚ್ಚುಕಡಿಮೆ ಇರುವುದಿಲ್ಲ.

ಇನ್ನು ಸಣ್ಣಪುಟ್ಟದ್ದು. ತೆಗೆಯುವ ಮುಂಚೆ ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಲೆನ್ಸ್ ಮೇಲೆ ಒಗ್ಗರಣೆಯ ಜಿಡ್ಡು ಇದ್ದೇ ಇರುತ್ತದೆ, ದೀಪದ ಸುತ್ತ ಮಂಜು ಬರುವುದು ಅದರಿಂದಲೇ. ಕಡಿಮೆ ಬೆಲೆಯ ಫೋನಿನಲ್ಲಿ ತೀರಾ ಹತ್ತಿರದಿಂದ ತೆಗೆಯಲು ಮ್ಯಾಕ್ರೊ ಅಂತ ಕೊಟ್ಟಿರುವ 2 ಮೆಗಾಪಿಕ್ಸೆಲ್ ಕ್ಯಾಮೆರಾ ಮರೆತುಬಿಡಿ. ಮುಖ್ಯ ಕ್ಯಾಮೆರಾದಲ್ಲೇ ಒಂದಡಿ ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟು ತೆಗೆಯಿರಿ. ಮುಖಕ್ಕೂ 2ಎಕ್ಸ್ ಒಳ್ಳೆಯದು, ಹತ್ತಿರದಿಂದ 1ಎಕ್ಸ್‌ನಲ್ಲಿ ತೆಗೆದರೆ ಮೂಗು ದಪ್ಪ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊದ ವಿವರ ಕುಗ್ಗುವುದಿಲ್ಲ. ಒಂದು ಫೋಟೊಗೆ 4 ಎಂಬಿ ಅಂದುಕೊಂಡರೂ ವರ್ಷದ 365 ಫೋಟೊ ಸುಮಾರು ಒಂದೂವರೆ ಜಿಬಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಆರಾಮಾಗಿ ಹಿಡಿಸುತ್ತದೆ.

ಜಗಲಿಯ ಹಿರಿಯರು ಗದರಿದ್ದರಲ್ಲಿ ತಪ್ಪು ಹುಡುಕಬೇಡಿ. ಗೊತ್ತಿಲ್ಲದವರು ಮನೆ ಮುಂದೆ ಫೋನ್ ಎತ್ತಿದರೆ ಸೈಟು ತಕರಾರೋ, ತೆರಿಗೆ ಲೆಕ್ಕವೋ, ಕಳ್ಳರ ಸಂಚೋ ಅಂತ ಅನುಮಾನ ಬರುವುದು ಸಹಜ. ಬಚ್ಚಿಟ್ಟುಕೊಂಡು ತೆಗೆದಷ್ಟೂ ಅನುಮಾನ ಜಾಸ್ತಿ. ಒಂದು ಸಲ ಹತ್ತಿರ ಹೋಗಿ, "ತಾತ, ಸಂಜೆ ಹೊತ್ತು ನಿಮ್ಮ ಬಾಗಿಲ ಮೇಲೆ ಬೆಳಕು ಚೆನ್ನಾಗಿ ಬೀಳುತ್ತೆ, ನೋಡಿ" ಅಂತ ಫೋನ್ ತೋರಿಸಿ. ಬೇಡ ಅಂದರೆ ಅವರ ಎದುರೇ ಅಳಿಸಿ. ಹೂವಿನವರನ್ನೂ ಕೇಳಿಯೇ ತೆಗೆಯಿರಿ. ಒಂದು ಮೊಳ ಕೊಂಡು ಎರಡು ಮಾತಾಡಿದರೆ ಅವರೇ ಬುಟ್ಟಿ ತಿರುಗಿಸಿ ಇಡುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಫೋಟೊ ತೆಗೆಯುವುದು ಸಾಮಾನ್ಯವಾಗಿ ಅಪರಾಧವಲ್ಲ. ಆದರೆ ಹೆಣ್ಣುಮಕ್ಕಳ ಖಾಸಗಿ ಹೊತ್ತಿನ ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ನೀವು ಅಂಥದ್ದು ಮಾಡುವವರಲ್ಲ, ಆದರೆ ಟೆರೇಸಿನಿಂದ ತೆಗೆಯುವಾಗ ಎದುರು ಮನೆಯ ಕಿಟಕಿ ಚೌಕಟ್ಟಿನೊಳಗೆ ಬಂತೇ ಅಂತ ಒಮ್ಮೆ ನೋಡಿಕೊಳ್ಳಿ. ಗುಬ್ಬಿ ಕಡೆ ಹೋದಾಗ ಎಚ್‌ಎಎಲ್ ಕಾರ್ಖಾನೆಯ ಸುತ್ತ ಫೋನು ಬ್ಯಾಗಿನಲ್ಲೇ ಇರಲಿ.

ದಿನ ತಪ್ಪಿತು ಅಂತ ಕೊರಗಬೇಡಿ. ಜ್ವರ, ಆಡಿಟ್, ಮನೆಯಲ್ಲಿ ನೆಂಟರು, ಎಲ್ಲ ಇರುತ್ತದೆ. ತಪ್ಪಿದ ದಿನವನ್ನು ಹಳೇ ಫೋಟೊದಿಂದ ತುಂಬಿಸಲು ಹೋಗಬೇಡಿ. ಖಾಲಿ ಬಿಟ್ಟು ಮರುದಿನ ತೆಗೆಯಿರಿ.

ಒಂದನ್ನು ಮಾತ್ರ ಪ್ರತ್ಯೇಕವಾಗಿ ಕೇಳುತ್ತೇನೆ. ಸಪ್ಪೆ ಅನ್ನಿಸುತ್ತಿರುವುದು ಫೋಟೊ ಮಾತ್ರವೇ? ಊಟ, ನಿದ್ದೆ, ಮಕ್ಕಳ ಮಾತು, ಮೊದಲು ಇಷ್ಟವಾಗುತ್ತಿದ್ದ ಹಾಡು, ಇವೂ ಎರಡು ವಾರಕ್ಕಿಂತ ಜಾಸ್ತಿ ದಿನ ಹಾಗೇ ಅನ್ನಿಸುತ್ತಿದ್ದರೆ ಅದು ಬೆಳಕಿನ ವಿಷಯವಲ್ಲ. ನನ್ನ ಕೈಯಲ್ಲಿ ಅದಕ್ಕೆ ಪರಿಹಾರ ಇಲ್ಲ, ವೈದ್ಯರ ಹತ್ತಿರ ಇದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ದಿನಾ ಫೋಟೊ ತೆಗೆಯುವುದು ಮನಸ್ಸಿಗೆ ಆಸರೆಯಾಗಬಹುದು, ಚಿಕಿತ್ಸೆಯ ಜಾಗದಲ್ಲಿ ನಿಲ್ಲಲಾರದು.

ಕೊನೆಗೆ ಆ 45 ಸಾವಿರ. ಯಜಮಾನರ ಪ್ರೀತಿ ದೊಡ್ಡದು, ಆದರೆ ಈಗ ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಬೆಲೆಗೆ ಜೊತೆಯಲ್ಲಿ ಸಿಗುವ ಕಿಟ್ ಲೆನ್ಸು ಅಡುಗೆಮನೆಯ ಮಂದ ಬೆಳಕಿನಲ್ಲಿ ನಿಮ್ಮ ಫೋನಿಗಿಂತ ಬಹಳ ಮುಂದೇನೂ ಹೋಗುವುದಿಲ್ಲ. ಕ್ಯಾಮೆರಾ ದೊಡ್ಡದಾದಷ್ಟೂ ಬ್ಯಾಗಿನಲ್ಲಿ ಒಯ್ಯುವುದು ಕಡಿಮೆಯಾಗುತ್ತದೆ, ಬೀದಿಯಲ್ಲಿ ಜನ ಕೇಳುವುದು ಜಾಸ್ತಿಯಾಗುತ್ತದೆ. ಮಳೆಗಾಲದಲ್ಲಿ ಬೀರುವಿನೊಳಗೆ ಸುಮ್ಮನೆ ಕೂತರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಅದರ ಮೇಲೆ ತಿಂಗಳ ಕಂತು ಬಂದಾಗಲೆಲ್ಲ "ತೆಗೆಯಲೇ ಇಲ್ವಲ್ಲ" ಅನ್ನುವ ಸಂಕಟ ಬೇರೆ. ಕ್ಯಾಮೆರಾದಿಂದ ನಿಜವಾಗಿ ಲಾಭ ಆಗುವ ಕೆಲಸಗಳಿವೆ. ದೂರದ ಹಕ್ಕಿ, ಕತ್ತಲಲ್ಲಿ ಓಡಾಡುವ ಮಕ್ಕಳು, ಗೋಡೆಯಷ್ಟಗಲ ಪ್ರಿಂಟು. ನಿಮ್ಮ ಪತ್ರದಲ್ಲಿ ಇವು ಮೂರೂ ಇಲ್ಲ. ದೀಪಾವಳಿ ತನಕ ಫೋನಿನಲ್ಲೇ ತೆಗೆಯಿರಿ. ನಡುವೆ ಎಲ್ಲೆಲ್ಲಿ ಫೋನು ಕೈಕೊಟ್ಟಿತು, ಏನು ತೆಗೆಯಲು ಹೋಗಿ ಸಾಧ್ಯವಾಗಲಿಲ್ಲ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ದೂರು ನಾಲ್ಕೈದು ಸಲ ಬಂದಿದ್ದರೆ ಆ ಪಟ್ಟಿಯನ್ನು ನನಗೆ ಕಳಿಸಿ. ಯಾವ ಲೆನ್ಸ್ ಬೇಕು, ಹಳೆಯದು ಕೊಂಡರೆ ಏನು ನೋಡಿಕೊಳ್ಳಬೇಕು ಅಂತ ಆಗ ಬರೆಯುತ್ತೇನೆ.